‘ರಾಮಾಪುರದವನಾ? ಫೋನ್ ಕೊಡು’

ರಾತ್ರಿ ಹತ್ತೂವರೆ ಇರಬಹುದು. ರೀಡಿಂಗ್ ರೂಮ್ ಮುಚ್ಚುವವರೆಗೂ ಓದಿ, ಪಿ.ಜಿ.ಗೆ ನಡೆದು ಹೊರಟಿದ್ದೆ. ಬ್ಯಾಗಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳಿದ್ದವು. ತಿರುವಿನಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದ ಇಬ್ಬರು ಖಾಕಿಯವರು ಕೈ ಮಾಡಿ ಕರೆದರು. ಯಾವೂರು, ಏನ್ ಓದ್ತಿದೀಯ ಎಂಬ ಮಾಮೂಲಿ ವಿಚಾರಣೆ. ‘ಹನೂರು ತಾಲ್ಲೂಕು, ರಾಮಾಪುರ ಸರ್’ ಎಂದೆ. ಒಬ್ಬರು ನಕ್ಕರು. ‘ಓ, ವೀರಪ್ಪನ್ ಕಡೆಯೋನು! ಎಲ್ಲಿ, ಫೋನ್ ಅನ್‌ಲಾಕ್ ಮಾಡು’.

ಮಾಡಿದೆ. ಅವರು ವಾಟ್ಸ್‌ಆ್ಯಪ್ ತೆರೆದರು. ಅಕ್ಕನ ಸೀಮಂತದ ಫೋಟೊಗಳು, ಅಪ್ಪನ ಸಾಲದ ಬಗ್ಗೆ ಚಿಕ್ಕಪ್ಪ ಕಳಿಸಿದ್ದ ವಾಯ್ಸ್ ಮೆಸೇಜು, ಗೆಳತಿಯೊಬ್ಬಳ ಜತೆಗಿನ ಮಾತುಕತೆ, ಎಲ್ಲವೂ ಬೀದಿ ದೀಪದ ಕೆಳಗೆ ಸರಸರನೆ ಮೇಲೆ ಕೆಳಗೆ ಓಡಿದವು. ಐದು ನಿಮಿಷವಾದ ಮೇಲೆ ‘ಹೋಗು’ ಎಂದರು. ವೀರಪ್ಪನ್ ಊರು ಗೋಪಿನಾಥಂ, ನಮ್ಮೂರಲ್ಲ ಎಂದಾದರೂ ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ. ನಾಳೆ ನೌಕರಿ ಸಿಕ್ಕರೆ ವೆರಿಫಿಕೇಷನ್‌ಗೆ ಇವರ ಇಲಾಖೆಯ ಮುಂದೆಯೇ ನಿಲ್ಲಬೇಕಲ್ಲ ಎಂಬ ಲೆಕ್ಕಾಚಾರ ತಲೆಯಲ್ಲಿತ್ತು.

ರೂಮಿಗೆ ಬಂದು ಹೇಳಿಕೊಂಡರೆ ಗೆಳೆಯ ಮೊಬೈಲ್‌ನಿಂದ ತಲೆಯೆತ್ತದೆ, ‘ತಪ್ಪು ಮಾಡಿಲ್ಲ ಅಂದ್ಮೇಲೆ ತೋರ್ಸೋಕೇನು ಮಗಾ?’ ಎಂದ. ನನಗೂ ಹೌದೆನ್ನಿಸಿತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಮಾಡದವನಿಗೆ ಯಾಕೆ ನಾಚಿಕೆಯಾಗಬೇಕು ಎಂದು ನನ್ನನ್ನೇ ಕೇಳಿಕೊಳ್ಳುತ್ತ ಮಲಗಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಜಗಲಿಯ ಮೇಲೆ ಕೂತು ತಾತನಿಗೆ ಈ ಕಥೆ ಹೇಳಿದೆ, ಗೆಳೆಯನ ಮಾತನ್ನೂ ಸೇರಿಸಿ. ತಾತ ಎಲೆ ಅಡಿಕೆ ಕುಟ್ಟುತ್ತಿದ್ದವರು ಕೈ ನಿಲ್ಲಿಸಿದರು. ‘ತಪ್ಪು ಮಾಡ್ದೋನು ಕಾಡ್ಗ ಓಡೋದ ಕನ ಮೊಗ. ಮನೇಲಿದ್ದೋರು ಸಿಕ್ಕುದ್ರು’ ಎಂದರು. ಅಷ್ಟೇ. ಮತ್ತೆ ಕುಟ್ಟತೊಡಗಿದರು.

ನಾನು ಹುಟ್ಟುವ ಮೊದಲಿನ ಆ ದಿನಗಳ ಬಗ್ಗೆ ನಮ್ಮ ಮನೆಯಲ್ಲಿ ಹೆಚ್ಚು ಮಾತಿಲ್ಲ. ತಾತ ಇಂದಿಗೂ ಅಂಗಡಿಯಿಂದ ಅಕ್ಕಿ, ಬೇಳೆ ಒಟ್ಟಿಗೆ ಹೆಚ್ಚು ತರುವುದಿಲ್ಲ. ಎರಡು ಕೇಜಿ, ಮೂರು ಕೇಜಿ, ಅಷ್ಟೇ. ಜಿಪುಣತನ ಎಂದು ನಾವು ಗೇಲಿ ಮಾಡುತ್ತಿದ್ದೆವು. ಮೂಟೆ ಹೊತ್ತು ನಡೆದರೆ ‘ಯಾರಿಗೆ ಕೊಡೋಕೆ?’ ಎಂದು ಕೇಳುತ್ತಿದ್ದ ಕಾಲದಲ್ಲಿ ಬಂದ ಅಭ್ಯಾಸ ಅದು ಎಂದು ಅವ್ವ ಆ ರಾತ್ರಿ ಹೇಳಿದರು.

ನಮ್ಮೂರಿಗೂ ದೊಡ್ಡ ಗಾಯವಾಗಿತ್ತು, ಅದನ್ನು ಮುಚ್ಚಿಡಬಾರದು. 1992ರ ಮೇ ತಿಂಗಳ ಒಂದು ರಾತ್ರಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಅದೇ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಸಂಗಡಿಗರು ಬಲಿಯಾದರು. ಮರು ವರ್ಷ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಸರ್ಕಾರ ಕೈಕಟ್ಟಿ ಕೂರಲು ಸಾಧ್ಯವಿರಲಿಲ್ಲ. ಕೂರಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ಅದೇ ಖಾಕಿ ತೊಡಲು ಓದುತ್ತಿರುವವನು ನಾನು.

ಆದರೆ ಕೈಗೆತ್ತಿಕೊಂಡ ಆಯುಧ ಎಂಥದ್ದು? 1985ರಲ್ಲಿ ಬಂದ ಟಾಡಾ ಕಾಯ್ದೆ. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಅದು ಸಾಕ್ಷ್ಯವೆಂದು ಒಪ್ಪುತ್ತಿತ್ತು. ಜಾಮೀನು ಸಿಗುವುದು ಬಲು ಕಷ್ಟವಾಗಿತ್ತು. ವೀರಪ್ಪನ್‌ಗೆ ನೆರವಾದರು ಎಂಬ ಆರೋಪದಲ್ಲಿ ಕಾಡಂಚಿನ ಹಳ್ಳಿಗಳ ಗಂಡಸರು, ಹೆಂಗಸರು ಮೈಸೂರಿನ ಜೈಲು ಸೇರಿದರು. 1995ರಲ್ಲಿ ಕಾಯ್ದೆಯ ಅವಧಿ ಮುಗಿಯಿತು. ಒಳಗಿದ್ದವರ ಅವಧಿ ಮುಗಿಯಲಿಲ್ಲ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಹೊರಬಂದರು. ಅಷ್ಟರಲ್ಲಿ ಎಷ್ಟೋ ಮಕ್ಕಳು ಅಪ್ಪನ ಮುಖ ನೋಡದೆಯೇ ಶಾಲೆ ಸೇರಿದ್ದರು.

ಇದರ ನಡುವೆ ನಡೆದ ಒಂದು ಘಟನೆ ನನ್ನನ್ನು ಬಹಳ ಕಾಡುತ್ತದೆ. 2000ದ ಜುಲೈನಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ ಟಾಡಾ ಬಂದಿಗಳನ್ನು ಬಿಡಿ ಎಂಬುದು ವೀರಪ್ಪನ್‌ನ ಬೇಡಿಕೆಗಳಲ್ಲಿ ಒಂದಾಗಿತ್ತು. ಅಷ್ಟು ವರ್ಷ ಅಲುಗಾಡದ ಸರ್ಕಾರ ಆಗ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಮುಂದಾಯಿತು. ಹುತಾತ್ಮ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್‌ಗೆ ಹೋದರು. ಆ ವರ್ಷ ನವೆಂಬರ್‌ನಲ್ಲಿ ನ್ಯಾಯಾಲಯ ಹಿಂತೆಗೆತಕ್ಕೆ ತಡೆ ಹಾಕಿತು. ಆ ತಂದೆಯ ನೋವು ಅರ್ಥವಾಗುತ್ತದೆ. ಆದರೆ ಒಳಗಿದ್ದವರನ್ನು ಹಿಡಿದಿಟ್ಟದ್ದೂ, ಬಿಡಲು ಹೊರಟದ್ದೂ ಅವರು ಏನು ಮಾಡಿದ್ದರು ಎಂಬುದನ್ನು ನೋಡಿ ಅಲ್ಲ ಎಂಬುದು ಯಾಕೋ ಎದೆಗೆ ಚುಚ್ಚುತ್ತದೆ.

ವಿಶೇಷ ಕಾರ್ಯಪಡೆಗಳ ಮೇಲಿನ ದೂರುಗಳ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಅಕ್ರಮ ಬಂಧನ, ಚಿತ್ರಹಿಂಸೆಗಳ ಬಗ್ಗೆ ಹಳ್ಳಿಗರು ಅದರ ಮುಂದೆ ಹೇಳಿಕೊಂಡರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು.

ಹಬ್ಬ ಮುಗಿಸಿ ವಾಪಸ್ ಬಂದವನು ಸಂವಿಧಾನದ ನೋಟ್ಸ್ ತೆಗೆದೆ. 21ನೇ ವಿಧಿಯ ಕೆಳಗೆ ಎರಡು ಪ್ರಕರಣಗಳ ಹೆಸರನ್ನು ಬಾಯಿಪಾಠ ಮಾಡಿದ್ದೆ, ಒಳಗೇನಿದೆ ಎಂದು ನೋಡಿರಲಿಲ್ಲ. ಮೊದಲನೆಯದು ಖರಕ್ ಸಿಂಗ್ ಪ್ರಕರಣ. ಉತ್ತರ ಪ್ರದೇಶದ ಈತನ ಮೇಲೆ ದರೋಡೆ ಆರೋಪ ಬಂದಿತ್ತು, ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೊಲೀಸರು ಹೆಸರಿನಲ್ಲೊಂದು ಹಿಸ್ಟರಿ ಶೀಟ್ ತೆರೆದರು. ರಾತ್ರಿ ಹೊತ್ತು ಬಂದು ಬಾಗಿಲು ತಟ್ಟುವುದು, ಊರು ಬಿಟ್ಟರೆ ಎಲ್ಲಿಗೆ ಎಂದು ವಿಚಾರಿಸುವುದು ನಡೆಯಿತು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಬಾಗಿಲು ತಟ್ಟುವುದನ್ನು ರದ್ದುಪಡಿಸಿತು. ಬೆನ್ನು ಹತ್ತಿ ನಿಗಾ ಇಡುವುದಕ್ಕೆ ಮಾತ್ರ ಅಡ್ಡಿಯಿಲ್ಲ, ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿತು. ಓದುತ್ತಿದ್ದರೆ ನಮ್ಮ ಕಾಡಂಚಿನ ಯಾವುದೋ ಹಳ್ಳಿಯ ಕಥೆಯೇ ಅನ್ನಿಸಿತು.

ಎರಡನೆಯದು ಅದನ್ನು ತಿದ್ದಿದ ತೀರ್ಪು. ತಿದ್ದಿಸಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಲ್ಲಿ ಕೇಂದ್ರ ಸರ್ಕಾರದ ಮೇಲೆ ಕೇಸು! 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಹಾಗಂತ ಸರ್ಕಾರ ಏನನ್ನೂ ಕೇಳಬಾರದು ಎಂದು ಆ ತೀರ್ಪು ಹೇಳಿಲ್ಲ. ಕೇಳಲು ಒಂದು ಕಾನೂನು ಇರಬೇಕು, ನ್ಯಾಯವಾದ ಕಾರಣವಿರಬೇಕು, ಕಾರಣಕ್ಕೆ ತಕ್ಕಷ್ಟೇ ಕೈಚಾಚಬೇಕು. ಇದನ್ನು ಓದಿದಾಗ ತಾತನ ಮಾತು ನೆನಪಾಯಿತು. ನಮ್ಮ ಕಡೆ ಅಂದು ಕಾನೂನಿತ್ತು, ಕಾರಣವೂ ಇತ್ತು. ಅಳತೆ ಇರಲಿಲ್ಲ. ಗೆಳೆಯನ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ ಅನ್ನಿಸುತ್ತದೆ: ನಾನು ತಪ್ಪು ಮಾಡಿದ್ದೇನೋ ಇಲ್ಲವೋ ಎಂದು ತೀರ್ಮಾನಿಸುವವನು ನಾನಲ್ಲ, ಫೋನ್ ಹಿಡಿದು ನಿಂತವನು. ಅವನಿಗೆ ಅಳತೆ ಇಲ್ಲದಿದ್ದರೆ ನನ್ನ ನಿರ್ದೋಷಿತನಕ್ಕೆ ಹೊರಬರಲು ವರ್ಷಗಳೇ ಬೇಕಾಗಬಹುದು.

ಇದು ಹಳೇ ಕಥೆ ಎನ್ನುವವರು 2020ರ ಮಾರ್ಚ್ ನೆನಪಿಸಿಕೊಳ್ಳಲಿ. ಕೊರೊನಾ ಹೆಸರಿನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳನ್ನು ರಾಜ್ಯ ಸರ್ಕಾರ ಆನ್‌ಲೈನ್‌ನಲ್ಲಿ ಹಾಕಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಿ ಎಂದಿತು. ರೋಗ ನಿಜ, ಕಾರಣ ನಿಜ. ಆದರೆ ವಿಳಾಸವನ್ನು ಊರಿಗೆಲ್ಲ ಹಂಚಿ ಯಾವ ವೈರಸ್ಸನ್ನು ತಡೆದರೋ! 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ಕಾಯ್ದೆ ಬಂತು. ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಅದರಲ್ಲೇ ಇಟ್ಟುಕೊಂಡಿದೆ.

ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ತಿಳಿದಿರಲಿ ಎಂದು ಒಂದೆರಡು ವಿಷಯ. 2018ರ ಆಧಾರ್ ತೀರ್ಪು ಆಧಾರ್ ವ್ಯವಸ್ಥೆಯನ್ನು ಉಳಿಸಿತು, ಪ್ಯಾನ್ ಜೋಡಣೆಯನ್ನೂ ಒಪ್ಪಿತು. ಆದರೆ ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. ಇನ್ನು ಫೋನ್ ವಿಷಯ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್, ಫೋನ್ ಶೋಧಿಸಲು ಸರ್ಚ್ ವಾರಂಟ್ ಬೇಕು, ತುರ್ತು ಸಂದರ್ಭವಾದರೆ ಕಾರಣವನ್ನು ಬರೆದಿಡಬೇಕು ಎಂದು ಹೇಳಿತು. ಅದು ತನಿಖೆ ನಡೆಯುತ್ತಿದ್ದ ಪ್ರಕರಣದ ಮಾತು. ಆ ರಾತ್ರಿ ನನ್ನ ಮೇಲೆ ಪ್ರಕರಣವೇ ಇರಲಿಲ್ಲ, ಊರಿನ ಹೆಸರೊಂದಿತ್ತು.

ಹೋದ ತಿಂಗಳು ಮತ್ತೆ ನಿಲ್ಲಿಸಿದರು. ಬೇರೆ ತಿರುವು, ಬೇರೆಯವರು. ಫೋನ್ ಎಂದು ಕೈಚಾಚಿದರು. ‘ಯಾವ ಕೇಸಿಗೆ ಸರ್?’ ಎಂದೆ. ಕನ್ನಡಿ ಮುಂದೆ ಹತ್ತಾರು ಸಲ ಹೇಳಿಕೊಂಡಿದ್ದ ಮಾತು, ಆದರೂ ಗಂಟಲು ಕಟ್ಟಿ ಅರ್ಧವೇ ಹೊರಬಂತು. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಬ್ಯಾಗ್ ತೆಗೆಸಿದರು, ಪ್ರಶ್ನೆಪತ್ರಿಕೆಗಳನ್ನು ತಿರುವಿದರು. ‘ಪೊಲೀಸ್ ಆಗ್ತೀಯೇನೋ?’ ಎಂದರು. ಹೌದು ಸರ್ ಎಂದೆ. ಇನ್ನೊಬ್ಬರು ಏನೋ ಗೊಣಗಿದರು, ಕೇಳಿಸಲಿಲ್ಲ. ಫೋನ್ ಜೇಬಿನಲ್ಲೇ ಇತ್ತು. ಪಿ.ಜಿ. ತಲುಪಿದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೊದಲು ತಾತನಿಗೇ ಫೋನ್ ಮಾಡಿದೆ.