ಸಮಾನ ಕೆಲಸ, ಸಮಾನ ಮೌಲ್ಯ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಇಂತಹ ಉದ್ಯಮಗಳಲ್ಲಿ ಸಂಬಳವು ಹುದ್ದೆಯ ದರ್ಜೆಯನ್ನು ಅನುಸರಿಸತಕ್ಕದ್ದು. ಗಂಡು ಹೆಣ್ಣೆಂಬ ಭೇದಕ್ಕೆ ಅಲ್ಲಿ ಎಡೆಯಿರದು. ಆದರೆ ಕುಲುಮೆಯು ಹಗಲಿರುಳೂ ಉರಿಯಬೇಕು, ಪಾಳಿ ಅನಿವಾರ್ಯ. ೧೯೪೮ರ ಕಾರ್ಖಾನೆಗಳ ಅಧಿನಿಯಮವು ಸಂಜೆ ೭ರಿಂದ ಬೆಳಿಗ್ಗೆ ೬ರವರೆಗೆ ಸ್ತ್ರೀಯರನ್ನು ದುಡಿಸಲಾಗದೆಂದು ವಿಧಿಸಿತು. ರಕ್ಷಣೆಗೆಂದು ಮಾಡಿದ ನಿಯಮವೇ ಬಹುಕಾಲ ಪಾಳಿಯ ಹುದ್ದೆಗಳಿಗೆ ಅಗುಳಿಯಾಯಿತು. ಒಳಗೆ ಪ್ರವೇಶವೇ ಇಲ್ಲದವಳಿಗೆ ಸಮಾನ ವೇತನದ ಮಾತೆಲ್ಲಿಯದು?

ಶಿವಮೊಗ್ಗದ ಪೇಟೆಗೆ ಬರುವ ಅಡಿಕೆಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ತೋಟದಲ್ಲಿ ಮರವೇರಿ ಕೊನೆ ಕೊಯ್ಯುವವನು ಗಂಡಸು. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರು ಬಹುಮಟ್ಟಿಗೆ ಹೆಂಗಸರು. ಅವರಿಗೆ ರೂಢಿಯಾಗಿ ಸಲ್ಲುವುದು ದಿನಗೂಲಿಯಲ್ಲ, ಸುಲಿದ ಅಳತೆಯ ಮೇಲಿನ ಕೂಲಿ. ಕೊಯ್ದ ಹಸಿ ಅಡಿಕೆಯನ್ನು ಬೇಗನೆ ಸುಲಿದು ಬೇಯಿಸದಿದ್ದರೆ ಮಾಲು ಕೆಡುವುದು. ಆದುದರಿಂದ ಸುಲಿತವು ಎಷ್ಟೋ ವೇಳೆ ರಾತ್ರಿಯವರೆಗೆ ಸಾಗುತ್ತದೆ. (ರಾತ್ರಿಯ ದುಡಿಮೆ ಸ್ತ್ರೀಯರಿಗೆ ತಕ್ಕುದಲ್ಲವೆಂಬ ವಾದವು ಈ ಅಂಗಳದವರೆಗೆ ಬಂದಂತಿಲ್ಲ.)

೧೯೭೬ರ ಸಮಾನ ಸಂಭಾವನೆ ಅಧಿನಿಯಮವು ಒಂದೇ ಕೆಲಸಕ್ಕೆ ಅಥವಾ ಒಂದೇ ಸ್ವರೂಪದ ಕೆಲಸಕ್ಕೆ ಮಾತ್ರ ಸಮಾನ ವೇತನವನ್ನು ಹೇಳಿತು. ೨೦೧೯ರ ವೇತನ ಸಂಹಿತೆಯೂ ಅದೇ ಅಳತೆಗೋಲನ್ನು ಉಳಿಸಿಕೊಂಡಿದೆ. ಮರವೇರುವುದೂ ಸುಲಿಯುವುದೂ ಒಂದೇ ಸ್ವರೂಪದವಲ್ಲ. ಹೀಗಾಗಿ ಇಲ್ಲಿ ಹೋಲಿಕೆಯೇ ಹುಟ್ಟದು. ಭಾರತವು ೧೯೫೮ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ೧೦೦ನೆಯ ಒಡಂಬಡಿಕೆಯಾದರೋ ಸಮಾನ ಮೌಲ್ಯದ ಕೆಲಸವೆನ್ನುತ್ತದೆ. ಮರವೇರುವವನ ಪ್ರಾಣಾಪಾಯಕ್ಕೆ ಹೆಚ್ಚಿನ ಕೂಲಿ ನ್ಯಾಯವೇ ಸರಿ. ಆದರೆ ಸುಲಿಯುವವಳ ಕೈಚಳಕ, ಕತ್ತಿಯಂಚಿನಲ್ಲಿರುವ ಬೆರಳು, ಕೆಟ್ಟ ನಿದ್ದೆ ಇವನ್ನೂ ಮೌಲ್ಯದ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಅಳತೆಯ ದರವನ್ನು ಕಟ್ಟುವಾಗ ಅವು ಯಾವ ಬಾಬಿನಲ್ಲಿಯೂ ಸೇರುವುದಿಲ್ಲ.