ದನದ ಕಾಲೇಜಿನ ಕೊರಳಗಂಟೆ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಸ್ಟಾರ್ಕ್‌ವಿಲ್ ಎಂಬ ಪುಟ್ಟ ಊರಿದೆ. ಅಲ್ಲಿನ ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿಯ ಡೇವಿಸ್ ವೇಡ್ ಕ್ರೀಡಾಂಗಣಕ್ಕೆ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಶನಿವಾರ ಹೋಗುವವರು ಕಿವಿಗೆ ಹತ್ತಿ ಇಟ್ಟುಕೊಂಡರೆ ಕ್ಷೇಮ. ಸುಮಾರು 60 ಸಾವಿರ ಜನ ಕೂರುವ ಜಾಗ, ನೋಡಿದಲ್ಲೆಲ್ಲ ಕೈಯಲ್ಲಿ ದನದ ಗಂಟೆ. ತಗಡಿನ ಗಂಟೆಯ ನೆತ್ತಿಗೆ ಕಬ್ಬಿಣದ ಸರಳು ಬೆಸೆದಿರುತ್ತದೆ. ಸರಳಿನ ತುದಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಹಿಡಿ. ಮೂರು ತಾಸು ಬಾರಿಸಿದರೂ ಅಂಗೈ ಬೊಬ್ಬೆ ಏಳದಂತೆ ಮಾಡಿಕೊಂಡ ಏರ್ಪಾಡು.

ಈ ಗಂಟೆ ಮೈದಾನಕ್ಕೆ ಹೇಗೆ ಬಂತು ಎಂದು ಕೇಳಿದರೆ ಅಲ್ಲಿಯವರು ಒಂದು ಕಥೆ ಹೇಳುತ್ತಾರೆ. ಬದ್ಧವೈರಿ ‘ಓಲ್ ಮಿಸ್’ ಜೊತೆ, ಅಂದರೆ ಆಕ್ಸ್‌ಫರ್ಡ್ ಪಟ್ಟಣದ ಮಿಸಿಸಿಪ್ಪಿ ಯೂನಿವರ್ಸಿಟಿ ಜೊತೆ, ಪಂದ್ಯ ನಡೆದಿತ್ತಂತೆ. ಎಲ್ಲಿಂದಲೋ ಒಂದು ಜರ್ಸಿ ಹಸು ಮೈದಾನಕ್ಕೆ ನುಗ್ಗಿತಂತೆ. ಅವತ್ತು ಸ್ಟೇಟ್ ತಂಡ ಎದುರಾಳಿಯನ್ನು ಚೆನ್ನಾಗಿ ಬಡಿದುಹಾಕಿತಂತೆ. ಹಸುವಿನ ಕಾಲ್ಗುಣವೇ ಗೆಲ್ಲಿಸಿತೆಂದು ಹುಡುಗರು ಪಂದ್ಯಕ್ಕೆಲ್ಲ ಅದನ್ನೇ ಹೊಡೆದುಕೊಂಡು ಬರತೊಡಗಿದರು. ಕೊನೆಗೆ ಹಸು ಕೊಟ್ಟಿಗೆಯಲ್ಲೇ ಉಳಿಯಿತು, ಗಂಟೆ ಮಾತ್ರ ಬಂತು.

ಕಥೆ ಸೊಗಸಾಗಿದೆ. ಆದರೆ ಯಾವ ವರ್ಷ, ಎಷ್ಟು ಅಂಕ? ಅದನ್ನು ಕಥೆ ಹೇಳುವುದಿಲ್ಲ. ಈ ಎರಡು ತಂಡಗಳು 1901ರಿಂದ ಆಡುತ್ತಿವೆ, ಪ್ರತಿ ಪಂದ್ಯದ ಫಲಿತಾಂಶ ಲೆಕ್ಕದಲ್ಲಿದೆ. ಹಸುವಿಗೆ ಮಾತ್ರ ತಾರೀಖಿಲ್ಲ. ಯೂನಿವರ್ಸಿಟಿ ಕೂಡ ಇದನ್ನು ‘ಹೆಚ್ಚು ಪ್ರಚಲಿತವಾದ ದಂತಕಥೆ’ ಎಂದಷ್ಟೇ ಹೇಳಿ ಜಾರಿಕೊಳ್ಳುತ್ತದೆ. ದಾಖಲೆ ನೋಡಿದವರ ಪ್ರಕಾರ ಗಂಟೆಗಳು 1930ರ ದಶಕದ ಕೊನೆ, 40ರ ದಶಕದ ಮೊದಲಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. ಸ್ಟೇಟ್ ತಂಡಕ್ಕೆ ಸುಗ್ಗಿಯ ಕಾಲ ಅದು. 1940ರ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ, ಋತುವಿನ ಕೊನೆಯ ಆರೆಂಜ್ ಬೌಲ್ ಪಂದ್ಯವನ್ನೂ ಗೆದ್ದಿತ್ತು.

ಇನ್ನೊಂದು ವಾದ ನನಗೆ ಹೆಚ್ಚು ಹಿಡಿಸುತ್ತದೆ. ಮಿಸಿಸಿಪ್ಪಿ ಸ್ಟೇಟ್ 1878ರಲ್ಲಿ ಹುಟ್ಟಿದ್ದು ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜಾಗಿ. ಆಕ್ಸ್‌ಫರ್ಡ್‌ನದು ಅದಕ್ಕಿಂತ ಮೂವತ್ತು ವರ್ಷ ಹಳೆಯದು, ವಕೀಲರ, ದೊಡ್ಡಮನೆಯವರ ಮಕ್ಕಳ ಕಾಲೇಜು. ಓದು ಹತ್ತದವನಿಗೆ ನಮ್ಮ ಮೇಷ್ಟ್ರುಗಳು ‘ದನ ಕಾಯೋಕೆ ಹೋಗು’ ಎನ್ನುತ್ತಿದ್ದರಲ್ಲ, ಹಾಗೆಯೇ ಎದುರಾಳಿಗಳು ಸ್ಟಾರ್ಕ್‌ವಿಲ್ಲಿನವರನ್ನು ದನದ ಕಾಲೇಜಿನವರು ಎಂದು ಹಂಗಿಸುತ್ತಿದ್ದರು. ಹೌದು, ದನದವರೇ, ಏನೀಗ ಎಂದು ಗಂಟೆಯನ್ನೇ ಹಿಡಿದು ಎದ್ದು ನಿಂತರು ಎಂಬುದು ಈ ವಾದ. ಇದಕ್ಕೂ ಕಾಗದದ ಪುರಾವೆ ಇಲ್ಲ. ಆದರೆ ಆ ಯೂನಿವರ್ಸಿಟಿ ಇವತ್ತಿಗೂ ತನ್ನ ಡೇರಿಯ ಹಾಲಿನಿಂದ ಎಡಮ್ ಚೀಸ್ ಮಾಡಿ ಮಾರುತ್ತದೆ. ಅಂಥ ಆವರಣದಲ್ಲಿ ಗಂಟೆ ಹುಡುಕಲು ಹಸು ದಾರಿ ತಪ್ಪಿ ಬರಬೇಕಾಗಿರಲಿಲ್ಲ.

ಹೆಸರು, ಇಸವಿ ಸಮೇತ ಸಿಗುವುದು ಗಂಟೆಯ ಹಿಡಿಯ ಕಥೆ. ಬರೀ ಗಂಟೆಯನ್ನು ಬೆರಳಲ್ಲಿ ಹಿಡಿದು ಬಾರಿಸುವುದು ಹಿಂಸೆ. 1960ರ ದಶಕದಲ್ಲಿ ಅರ್ಲ್ ಟೆರೆಲ್, ರಾಲ್ಫ್ ರೀವ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು ವಿದ್ಯಾರ್ಥಿಗಳ ಗಂಟೆಗಳಿಗೆ ಹಿಡಿ ವೆಲ್ಡ್ ಮಾಡಿಕೊಡತೊಡಗಿದರು. 1963ರ ಹೊತ್ತಿಗೆ ಮನೆಯ ಶೆಡ್ಡಿನ ಕೆಲಸ ಬೇಡಿಕೆಗೆ ಸಾಲದಾಯಿತು. ವಿದ್ಯಾರ್ಥಿ ಸಂಘ ಗಂಟೆಗಳನ್ನು ಸಗಟಾಗಿ ತರಿಸಿತು, ಕೈಗಾರಿಕಾ ಶಿಕ್ಷಣದ ವಿದ್ಯಾರ್ಥಿಗಳ ಕ್ಲಬ್ಬು ಬೆಸುಗೆ ಹಾಕಿತು. ಮರುವರ್ಷ ಕಾಲೇಜಿನ ಪುಸ್ತಕದಂಗಡಿಯಲ್ಲೇ ಮಾರಾಟ ಶುರುವಾಯಿತು. ಹಸುವಿಗೆ ಸಿಕ್ಕ ಕೀರ್ತಿಯಲ್ಲಿ ಕಾಲು ಭಾಗವೂ ಈ ಇಬ್ಬರು ಮೇಷ್ಟ್ರಿಗೆ ಸಿಕ್ಕಿಲ್ಲ.

ಗಲಾಟೆ ಜೋರಾದಂತೆ ದೂರೂ ಬಂತು. ಅಮೆರಿಕನ್ ಫುಟ್‌ಬಾಲಿನಲ್ಲಿ ಪ್ರತಿ ಸಲ ಚೆಂಡು ಕೈಗೆ ಬರುವ ಮುಂಚೆ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ತನ್ನವರಿಗೆ ಕೂಗಿ ಸಂಕೇತ ಕೊಡುತ್ತಾನೆ. ಆ ಕೂಗು ಕೇಳದಿದ್ದರೆ ಆಟ ಕೆಟ್ಟಂತೆಯೇ. 1974ರಲ್ಲಿ ಆಬರ್ನ್ ತಂಡದ ತಕರಾರಿನ ಬೆನ್ನಿಗೆ ಆಗ್ನೇಯ ರಾಜ್ಯಗಳ ಕಾಲೇಜುಗಳ ಒಕ್ಕೂಟ ಸದ್ದು ಮಾಡುವ ಸಾಧನಗಳನ್ನು ನಿಷೇಧಿಸಿತು. ಮತ 9ಕ್ಕೆ 1. ಆ ಒಂದು ಯಾರದೆಂದು ಹೇಳಬೇಕಿಲ್ಲ. ಆದರೂ ಗಂಟೆ ನಿಲ್ಲಲಿಲ್ಲ. ಕೋಟಿನೊಳಗೆ ಅಡಗಿ ಗೇಟು ದಾಟಿತು. 36 ವರ್ಷ ಹೀಗೇ ನಡೆದು, 2010ರಲ್ಲಿ ಒಕ್ಕೂಟವೇ ಬಗ್ಗಿತು: ಆಟಕ್ಕೆ ಮುಂಚೆ, ವಿರಾಮದಲ್ಲಿ, ಟೈಮ್‌ಔಟಿನಲ್ಲಿ, ಅಂಕ ಬಂದಾಗ ಬಾರಿಸಬಹುದು, ಚೆಂಡು ಆಟಕ್ಕೆ ಸಿದ್ಧವಾದಾಗ ಬಾರಿಸಿದರೆ ಯೂನಿವರ್ಸಿಟಿಗೆ ಸಾವಿರಾರು ಡಾಲರ್ ದಂಡ. ಹಾಗಾಗಿ ಹಿಂದೆ ಗಂಟೆಯನ್ನು ಬಚ್ಚಿಡಲು ನೆರವಾಗುತ್ತಿದ್ದ ಹಳೆಯ ಅಭಿಮಾನಿಗಳೇ ಈಗ ಪಕ್ಕದ ಹುಡುಗರಿಗೆ ‘ತಡಿಯಪ್ಪ, ಈಗ ಬೇಡ’ ಎನ್ನಬೇಕಾಗಿದೆ.

ಅಲ್ಲಿನವರ ಇನ್ನೊಂದು ನಂಬಿಕೆ: ಗಂಟೆಯನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಬಾರದು, ಯಾರಾದರೂ ಉಡುಗೊರೆ ಕೊಡಬೇಕು. ಪುಸ್ತಕದಂಗಡಿಗೆ ಇದರಿಂದ ನಷ್ಟವೇನಿಲ್ಲ. ಅಪ್ಪ ಮಗಳಿಗೆಂದು ಕೊಳ್ಳುತ್ತಾನೆ, ಮಗಳು ಗೆಳೆಯನಿಗೆಂದು ಕೊಳ್ಳುತ್ತಾಳೆ.