ವಕ್ರದಂತ ಚಿಕಿತ್ಸೆ: ಒಂದು ಚಾರಿತ್ರಿಕ ಅವಲೋಕನ

ಓರೆಹಲ್ಲುಗಳನ್ನು ನೇರಗೊಳಿಸುವ ವಿದ್ಯೆಗೆ ಶಾಸ್ತ್ರದ ರೂಪವು ಬಂದುದು ಕ್ರಮಕ್ರಮವಾಗಿ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಷಾರನು, ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಬಿಗಿದು ಸಾಲಿಗೆ ತರುವ ವಿಧಾನವನ್ನು ತನ್ನ ಗ್ರಂಥದಲ್ಲಿ ವರ್ಣಿಸಿದನು. 1899ರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲನು ದವಡೆಹಲ್ಲುಗಳ ಹೊಂದಾಣಿಕೆಯನ್ನು ಆಧಾರವಾಗಿಟ್ಟುಕೊಂಡು ದಂತವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದನು.

ಸ್ಥಳಾವಕಾಶಕ್ಕಾಗಿ ಹಲ್ಲು ಕೀಳುವುದನ್ನು ಆಂಗಲನು ಒಪ್ಪಲಿಲ್ಲ. 1911ರಲ್ಲಿ ಕ್ಯಾಲ್ವಿನ್ ಕೇಸನು ಕೆಲವು ಸಂದರ್ಭಗಳಲ್ಲಿ ಅದು ಅಗತ್ಯವೆಂದು ವಾದಿಸಿದಾಗ ಆಂಗಲನ ಅನುಯಾಯಿಗಳು ತೀವ್ರವಾಗಿ ವಿರೋಧಿಸಿದರು. ಆದರೆ ಆಂಗಲನ ಶಿಷ್ಯನಾದ ಚಾರ್ಲ್ಸ್ ಟ್ವೀಡನೇ, ತಾನು ನೇರಗೊಳಿಸಿದ ಹಲ್ಲುಗಳು ಮತ್ತೆ ಓರೆಯಾದುದನ್ನು ಕಂಡು, ಅನೇಕ ರೋಗಿಗಳಿಗೆ ಹಲ್ಲು ಕಿತ್ತು ಪುನಃ ಚಿಕಿತ್ಸೆ ನೀಡಿದನು. ಗುರುವಾಕ್ಯಕ್ಕಿಂತ ಫಲವೇ ಪ್ರಮಾಣವಾಯಿತು.

ಸಾಧನ ಯಾವುದಾದರೂ ತತ್ತ್ವವೊಂದೇ: ಮಿತವಾದ ಒತ್ತಡವು ಬಿದ್ದ ಕಡೆ ಎಲುಬು ಕರಗುತ್ತದೆ, ಹಿಂಬದಿಯಲ್ಲಿ ಹೊಸ ಎಲುಬು ಬೆಳೆಯುತ್ತದೆ. ಹಲ್ಲಿಗೆ ಅಂಟಿಸಿದ ತಂತಿಯ ಬಂಧವು ಹಗಲಿರುಳು ಕೆಲಸಮಾಡುವುದು. ಕಠಿಣವಾದ ತಿರುವುಗಳಿಗೆ ಅದೇ ಹೆಚ್ಚು ಸಮರ್ಥ. ಆದರೆ ಅದರ ಸುತ್ತ ಶುಚಿಗೊಳಿಸುವುದು ಶ್ರಮಸಾಧ್ಯ. 1990ರ ದಶಕದ ಕೊನೆಗೆ ಬಳಕೆಗೆ ಬಂದ ಪಾರದರ್ಶಕ ಅಲೈನರುಗಳನ್ನು ಊಟಕ್ಕೆ ತೆಗೆಯಬಹುದು, ಹೊರಗೆ ಅಷ್ಟಾಗಿ ಕಾಣವು. ದಿನಕ್ಕೆ 20ರಿಂದ 22 ಗಂಟೆ ಧರಿಸದಿದ್ದರೆ ಮಾತ್ರ ಅವು ನಿಷ್ಫಲ.

ಎರಡರಲ್ಲಿಯೂ, ಚಿಕಿತ್ಸೆ ಮುಗಿದ ಮೇಲೆ ರಿಟೇನರನ್ನು ಧರಿಸದೆ ಹಲ್ಲುಗಳು ಸ್ಥಿರವಾಗಿ ನಿಲ್ಲುವ ಭರವಸೆಯಿಲ್ಲ. ಆದುದರಿಂದ ಸಾಧನದ ಅಂದವನ್ನು ವಿಚಾರಿಸುವ ಮೊದಲು, ಹಲ್ಲು ಕೀಳಬೇಕೆ, ಏತಕ್ಕೆ, ಫಲವನ್ನು ಉಳಿಸುವ ಬಗೆ ಹೇಗೆ ಎಂಬುದನ್ನು ವೈದ್ಯರಲ್ಲಿ ಕೇಳುವುದು ವಿವೇಕವೆಂದು ನಾವು ಭಾವಿಸುತ್ತೇವೆ.